ಸೊನ್ನೆ ಕಲಿಸುವುದು

ಕುಮಾಸಿಯ ಸುಆಮೆಯಲ್ಲಿ ಬೆಳಗಾಗುವುದು ಸುತ್ತಿಗೆಯಿಂದ.
ಸೂರ್ಯ ಆಮೇಲೆ, ಹರ್ಮಟ್ಟಾನ್ ಧೂಳಿನಾಚೆ,
ಮಬ್ಬುಗಟ್ಟಿದ ಹೆಡ್‌ಲೈಟಿನ ಹಾಗೆ.

ಮಾಮೆ ಸೆರ್ವಾಳ ಟ್ಯಾಕ್ಸಿಯನ್ನು ನಾಲ್ವರು ತಳ್ಳಿಕೊಂಡು ಬಂದರು.
ಹಳೆಯ ಓಪೆಲ್. ನಾಲ್ಕೂ ಮೂಲೆಗೆ ಕಿತ್ತಳೆ ಬಣ್ಣ,
ಹಿಂಗಾಜಿನ ಮೇಲೆ ‘ಅಬೊತರೆ’, ಅಂದರೆ ತಾಳ್ಮೆ;
ಕೊನೆಯಕ್ಷರ ಬಿಸಿಲಿಗೆ ಉದುರಿದೆ.

‘ಕೆಜೆಟಿಯಾ ಸರ್ಕಲ್ಲಿನ ನಟ್ಟನಡುವೆ ನಿಂತಿತು ಮಾಸ್ಟರ್.
ಒಳಗಿದ್ದ ಇಬ್ಬರು ಟೊಮೇಟೊ ಬುಟ್ಟಿ ಹೊತ್ತು ಇಳಿದೇಹೋದರು,
ಬಾಡಿಗೆ ಕೊಡದೆ.
ಪ್ಲಗ್ಗು ಹಾಕಿಸಿದೆ, ಕಾಯಿಲ್ಲು ಹಾಕಿಸಿದೆ, ಪಂಪೂ ಹಾಕಿಸಿದೆ.
ಇನ್ನು ಉಳಿದವಳು ನಾನೊಬ್ಬಳು,
ನನ್ನನ್ನೂ ಬಿಚ್ಚಿ ನೋಡಿ.’

ಮಾಸ್ಟರ್ ಬೊಆಡು ಬಾನೆಟ್ ಎತ್ತಲಿಲ್ಲ.
ಬಾಗಿಲಿಗೆ ಒರಗಿ ಕೇಳಿಸಿಕೊಂಡರು:
ಏರಿತು, ಇಳಿಯಿತು, ಏರಿತು,
ಏನೋ ನೆನಪಾದಂತೆ ತಡೆಯಿತು,
ಸತ್ತಿತು.

‘ಗಂಟಲು’ ಅಂದರು.

ನನ್ನ ಹೊಟ್ಟೆಯೊಳಗೆ ಒಂದು ಬೋಲ್ಟು ಬಿತ್ತು.

ಥ್ರಾಟಲ್ ಬಾಡಿ ಅಂದರೆ ಅಷ್ಟೇ:
ಗಾಳಿ ಒಳಹೋಗುವ ದಾರಿಯಲ್ಲೊಂದು ತಗಡಿನ ಚಿಟ್ಟೆ.
ಎರಡು ರೆಕ್ಕೆ, ಎಲ್ಲಿಗೂ ಹಾರುವುದಿಲ್ಲ,
ನಿಂತಲ್ಲೇ ಓರೆಯಾಗುತ್ತದೆ, ನೆಟ್ಟಗಾಗುತ್ತದೆ.
ಹೋದ ತಿಂಗಳು ಅದನ್ನು ತೊಳೆದವನು ನಾನು.
ಮಸಿ ಹಿಡಿದು ಬಿಗಿದಿತ್ತು. ಅವಸರ.
ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿದೆ. ಟಿಕ್ ಅಂದಿತು.
ಅನ್ನದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಷ್ಟೇ ಸದ್ದು,
ಉಣ್ಣುವವನಿಗೆ ಮಾತ್ರ ಕೇಳುವಂಥದ್ದು.

ಈಗ ಬಿಚ್ಚಬೇಕಾದವನೂ ನಾನೇ.
ಬ್ಯಾಟರಿಯ ತಂತಿ ತೆಗೆದೆ. ಕೊಳವೆಯ ಪಟ್ಟಿ ಸಡಿಲಿಸಿದೆ.
ಎರಡು ಸಣ್ಣ ರಬ್ಬರಿನಿಂದ ಬಿಸಿನೀರು ಮಣಿಕಟ್ಟಿಗೆ ಹರಿಯಿತು,
ಸುಟ್ಟಿತು ಅನ್ನಲಿಲ್ಲ.
ನಾಲ್ಕು ಬೋಲ್ಟು. ಮೂರು ಸುಲಭ.
ನಾಲ್ಕನೆಯದು ಯಾವತ್ತೂ ನಾಲ್ಕನೆಯದೇ.

ಮಾಸ್ಟರ್ ಮುಚ್ಚಳ ಕಿತ್ತು ಬೆಳಕಿಗೆ ಹಿಡಿದರು.
ಬಿಳಿ ಪ್ಲಾಸ್ಟಿಕ್ಕಿನ ಗಾಲಿ, ಎರಡು ಹಲ್ಲಿಲ್ಲ,
ಆರು ವರ್ಷದ ಹುಡುಗನ ನಗುವಿನ ಹಾಗೆ.
‘ಹ್ಞೂಂ’ ಅಂದರು. ಅಷ್ಟೇ.

ರಾಶಿಯಿಂದ ಇನ್ನೊಂದು ತಂದೆವು.
ಹ್ಯಾಂಬರ್ಗಿನಿಂದ ಹಡಗೇರಿ ಬಂದದ್ದು,
ಮೈಮೇಲೆ ಯಾರದೋ ಹಳದಿ ಸೀಮೆಸುಣ್ಣದ ಗೀಟು.
ಯಾವ ಕಾರು, ಯಾವ ಹಿಮ, ಯಾವ ಗೋಡೆಗೆ ಗುದ್ದಿತೋ.
ಅಂಗಡಿಯ ಅಜ್ಜ ನಾನೂರು ಅಂದ,
ಸೆರ್ವಾ ನಕ್ಕು ಹೊರಟಂತೆ ಮಾಡಿದಳು, ಇನ್ನೂರೆಂಬತ್ತಾಯಿತು.
ಹೊಸ ಗ್ಯಾಸ್ಕೆಟ್ಟು. ಕೋನದಿಂದ ಕೋನಕ್ಕೆ ಬಿಗಿತ.
ಪ್ಲಗ್ಗು ಕಟಕ್ಕೆಂದು ಕೂತಿತು.

‘ಇನ್ನು ಯಾರೂ ಪೆಡಲ್ ಮುಟ್ಟಬೇಡಿ’ ಅಂದರು ಮಾಸ್ಟರ್.
‘ಇದು ಪರವೂರಿನದು. ಮುಚ್ಚಿದ್ದು ಅಂದರೆ ಎಷ್ಟು,
ಈ ಕಾರಿಗೆ ಇನ್ನೂ ಗೊತ್ತಿಲ್ಲ.
ಕೀಲಿ ತಿರುಗಿಸಿ ಬಿಡಿ. ಎಂಜಿನ್ ಬೇಡ.
ಮೊದಲು ಸೊನ್ನೆ ಕಲಿಯಲಿ.’

ಕೀಲಿ ತಿರುಗಿತು. ಒಳಗೆ ಚಿಟ್ಟೆ ಗುಂಯ್ ಅಂದು
ಒಮ್ಮೆ ಪೂರ್ತಿ ತೆರೆಯಿತು, ಒಮ್ಮೆ ಪೂರ್ತಿ ಮುಚ್ಚಿತು,
ಕತ್ತಲೆ ಕೋಣೆಯಲ್ಲಿ ಗೋಡೆ ತಡವುವವರಂತೆ.
ಮೂವತ್ತು ಸೆಕೆಂಡು.
ಸುಆಮೆಯ ಸುತ್ತಿಗೆಗಳೆಲ್ಲ ಎಲ್ಲಿಗೆ ಹೋದವೋ.

‘ಮಾಸ್ಟರ್, ಹೋದ ತಿಂಗಳು ನಾನು ಸ್ಕ್ರೂಡ್ರೈವರ್…’
‘ಇಪ್ಪತ್ತೆರಡು’ ಅಂದರು.
‘ಹಲ್ಲು ಮುರಿದದ್ದು ನಾನೇ.’
‘ಇಪ್ಪತ್ತಾರು.’
ಸೆರ್ವಾ ನನ್ನ ಕಡೆ ತಿರುಗಿದ್ದು ಕಂಡಿತು.
ನಾನು ಗ್ರೀಸು ಹತ್ತಿದ ನನ್ನ ಕಾಲ್ಬೆರಳು ನೋಡುತ್ತಿದ್ದೆ.
‘ಮೂವತ್ತು. ಆರಿಸಿ. ಹತ್ತು ಎಣಿಸಿ. ಈಗ ಹಚ್ಚಿ.’

ಹಚ್ಚಿದಳು.
ಏರಿತು. ಇಳಿಯಿತು.
ಇಳಿದಲ್ಲೇ ನಿಂತಿತು,
ಮಡಿಲಲ್ಲಿ ಮಲಗಿದ ಬೆಕ್ಕಿನ ಗುರುಗುರು.

ಇನ್ನೂರೆಂಬತ್ತರಲ್ಲಿ ಸೆರ್ವಾ ಒಂದು ಸೆಡಿ ಕೊಡಲಿಲ್ಲ.
ಪಂಪಿನ ದುಡ್ಡಿಗೂ ನನ್ನ ಹೆಸರು ಹೇಳಿದಳು, ಜೋರಾಗಿ,
ಮೂರು ಅಂಗಡಿಗೆ ಕೇಳುವಂತೆ.
ಸಂಜೆ ಮಾಸ್ಟರ್ ನನ್ನ ಊಟದ ಕಾಸು ಹಿಡಿದರು,
ತಮ್ಮ ಕೆಂಕೆಯಲ್ಲಿ ಅರ್ಧ ಮುರಿದು ನನ್ನತ್ತ ನೂಕಿದರು.

ಆ ಟಿಕ್ ಅವರಿಗೂ ಅವತ್ತೇ ಕೇಳಿಸಿತ್ತೇ?
ಕೇಳಲು ಧೈರ್ಯ ಬಂದಿಲ್ಲ.
ಬಿಳಿ ಗಾಲಿ ಜೇಬಿನಲ್ಲಿದೆ.
ಬೆರಳಾಡಿಸಿದರೆ ಹಲ್ಲು, ಹಲ್ಲು, ಹಲ್ಲು,
ಆಮೇಲೆ ನುಣುಪು.